ನ್ಯೂಕ್ಲಿಯಾಯ್ಡ್ ಸರಿಯಾಗಿ ಬರ್ತಿಲ್ವಾ? ಟ್ಯೂಬ್ ನೋಡಿ ತಪ್ಪು ಹಿಡಿಯುವ ಬಗೆ

ನ್ಯೂಕ್ಲಿಯಾಯ್ಡ್ ಅಂದರೆ ಪ್ರೋಟೀನ್‌ಗಳ ಜೊತೆ ಮಡಿಸಿಕೊಂಡಿರುವ ಬ್ಯಾಕ್ಟೀರಿಯಾದ ಕ್ರೋಮೋಸೋಮ್. ಅದನ್ನು ಬೇರ್ಪಡಿಸುವ ಕೆಲಸದಲ್ಲಿ ತಪ್ಪು ಆಗುವುದು ಒಂದು ಕಡೆ, ಕಾಣುವುದು ಇನ್ನೊಂದು ಕಡೆ. ಗ್ರೇಡಿಯಂಟ್‌ನಲ್ಲಿ (ಮೇಲಿಂದ ತಳಕ್ಕೆ ಗಟ್ಟಿಯಾಗುತ್ತಾ ಹೋಗುವ ಸಕ್ಕರೆ ದ್ರಾವಣದಲ್ಲಿ) ಪಟ್ಟಿ ಬರಲಿಲ್ಲ ಅಂತ ಸೆಂಟ್ರಿಫ್ಯೂಜ್ ಮೇಲೆ ಕೂಗಾಡುತ್ತೇವೆ, ಆದರೆ ಕೆಟ್ಟಿರುವುದು ಅದಕ್ಕೆ ಒಂದು ಗಂಟೆ ಮುಂಚೆ, ಐಸ್ ಮೇಲಿದ್ದ ಪುಟ್ಟ ಟ್ಯೂಬ್‌ನಲ್ಲಿ. ಅದಕ್ಕೇ ಕಣ್ಣಿಗೆ ಏನು ಕಾಣುತ್ತದೋ ಅಲ್ಲಿಂದ ಶುರು ಮಾಡಿ ಹಿಂದಕ್ಕೆ ಹೋಗೋಣ.

ಇಲ್ಲಿ ಹೇಳುವುದೆಲ್ಲ ಇ. ಕೋಲೈ ಕೆ-12ಕ್ಕೆ. ಕೋಶದ ಉದ್ದ ಸುಮಾರು 2 ಮೈಕ್ರೋಮೀಟರ್. ಒಳಗಿರುವ ಡಿಎನ್‌ಎ ಉಂಗುರ ಸುಮಾರು 46 ಲಕ್ಷ ಬೇಸ್ ಜೋಡಿಯದು, ಬಿಚ್ಚಿದರೆ ಒಂದೂವರೆ ಮಿಲಿಮೀಟರ್‌ಗಿಂತ ಜಾಸ್ತಿ. ಅದನ್ನು ಮಡಿಕೆ ಸಮೇತ ಹೊರಗೆ ತರಬಹುದು ಅಂತ 1971ರಲ್ಲಿ ಸ್ಟೋನಿಂಗ್ಟನ್ ಮತ್ತು ಪೆಟಿಜಾನ್ ತೋರಿಸಿದರು. ಅವರ ದಾರಿ ಇವತ್ತಿಗೂ ನಡೆಯುತ್ತದೆ: ಸುಕ್ರೋಸ್ ಇರುವ ಬಫರ್‌ನಲ್ಲಿ ಲೈಸೋಜೈಮ್ (ಗೋಡೆ ಕತ್ತರಿಸುವ ಕಿಣ್ವ) ಮತ್ತು ಇಡಿಟಿಎ (ಮೆಗ್ನೀಸಿಯಂನಂಥ ಲೋಹದ ಅಯಾನು ಹಿಡಿದಿಡುವ ರಾಸಾಯನಿಕ) ಹಾಕಿ ಕೋಶದ ಗೋಡೆ ಸಡಿಲಿಸುವುದು, ಬ್ರಿಜ್-58 ಮತ್ತು ಡಿಆಕ್ಸಿಕೋಲೇಟ್ ಎಂಬ ಮೆದು ಡಿಟರ್ಜೆಂಟ್‌ಗಳಿಂದ ಕೋಶ ಒಡೆಯುವುದು, ಜೊತೆಗೆ 1 ಮೋಲಾರ್ ಉಪ್ಪು, ಆಮೇಲೆ 10ರಿಂದ 30 ಶೇಕಡಾ ಸುಕ್ರೋಸ್ ಗ್ರೇಡಿಯಂಟ್‌ನಲ್ಲಿ ತಿರುಗಿಸುವುದು. ಉಪ್ಪು ಯಾಕೆ ಅಂದರೆ, ಡಿಎನ್‌ಎ ಮೈತುಂಬಾ ಋಣ ವಿದ್ಯುದಂಶ. ಅದನ್ನು ತಣಿಸಲು ಏನಾದರೂ ಬೇಕು. ಇಲ್ಲವಾದರೆ ಒಂದನ್ನೊಂದು ದೂರ ತಳ್ಳಿ ಇಡೀ ಮಡಿಕೆ ಬಿಚ್ಚಿಕೊಳ್ಳುತ್ತದೆ. ಉಪ್ಪಿನ ಬದಲು ಕೆಲವು ಮಿಲಿಮೋಲಾರ್ ಸ್ಪರ್ಮಿಡೀನ್ (ಧನ ವಿದ್ಯುದಂಶದ ಪುಟ್ಟ ಅಣು) ಹಾಕುವ ಇನ್ನೊಂದು ದಾರಿಯೂ ಇದೆ. ಈ ಎರಡು ದಾರಿಗಳ ವ್ಯತ್ಯಾಸ ಕೆಳಗೆ ಮತ್ತೆ ಮತ್ತೆ ಬರುತ್ತದೆ, ಮರೆಯಬೇಡಿ.

ಕೋಶ ಒಡೆದ ಕೂಡಲೇ ಟ್ಯೂಬ್ ತುಂಬಾ ಲೋಳೆ

ಎಲ್ಲರಿಗೂ ಮೊದಲು ಕಾಣುವ ತೊಂದರೆ ಇದೇ. ಸರಿಯಾಗಿ ಆದ ಲೈಸೇಟ್, ಅಂದರೆ ಕೋಶ ಒಡೆದ ದ್ರಾವಣ, ತಿಳಿಯಾಗಿರುತ್ತದೆ, ನೀರಿಗಿಂತ ಸ್ವಲ್ಪ ಮಂದ ಅಷ್ಟೇ. ಟಿಪ್ ಎತ್ತಿದಾಗ ಲೋಳೆಸರದ ಹಾಗೆ ಎಳೆ ಎಳೆಯಾಗಿ ಬಂತು ಅಂದರೆ ಡಿಎನ್‌ಎ ಬಿಚ್ಚಿಕೊಂಡಿದೆ ಅಂತ ಅರ್ಥ.

ಮೊದಲು ದುಡ್ಡು ಖರ್ಚಿಲ್ಲದ ಒಂದು ಪರೀಕ್ಷೆ. ಕೋಶ ಹಾಕದೆ ಬರೀ ಲೈಸಿಸ್ ಬಫರ್ (ಕೋಶ ಒಡೆಯುವ ಡಿಟರ್ಜೆಂಟ್, ಉಪ್ಪು ಇರುವ ದ್ರಾವಣ) ಟ್ಯೂಬ್ ಅಲ್ಲಾಡಿಸಿ ನೋಡಿ. ಡಿಆಕ್ಸಿಕೋಲೇಟ್ ಪಿಎಚ್ 8ಕ್ಕಿಂತ ಕೆಳಗೆ ಹೋದರೆ, ಅದರಲ್ಲೂ ತಣ್ಣಗೆ, ಜಾಸ್ತಿ ಉಪ್ಪಿನಲ್ಲಿ ಇದ್ದರೆ, ತಾನೇ ಜೆಲ್ ಆಗುತ್ತದೆ. ಡಿಎನ್‌ಎ ಪಾಪ, ಅದರದ್ದೇನೂ ತಪ್ಪಿಲ್ಲ. ಹಾಗಿದ್ದರೆ ಪಿಎಚ್ ಸರಿಮಾಡಿ, ಬಫರ್ ಹೊಸದಾಗಿ ಮಾಡಿಕೊಳ್ಳಿ.

ಬಫರ್ ಸರಿಯಿದೆಯಾ? ಈಗ ಪೆನ್ನು ಪೇಪರ್ ತಗೊಳ್ಳಿ. ಎಲ್ಲ ಬೆರೆಸಿದ ಮೇಲೆ ಟ್ಯೂಬ್‌ನಲ್ಲಿ ನಿಜವಾಗಿ ಎಷ್ಟು ಉಪ್ಪಿದೆ? ಲೈಸಿಸ್ ಬಫರ್‌ನಲ್ಲಿ 1 ಮೋಲಾರ್ ಇದ್ದು, ಅದನ್ನು ಕೋಶಗಳ ಜೊತೆ ಸಮಸಮ ಬೆರೆಸಿದರೆ ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಅರ್ಧ ಮೋಲಾರ್. ಅಷ್ಟು ಸಾಲದು. ಬಫರ್‌ನಲ್ಲಿ 2 ಮೋಲಾರ್ ಇದ್ದರೆ ಬೆರೆಸಿದ ಮೇಲೆ 1 ಆಗುತ್ತದೆ. ಲ್ಯಾಬ್‌ನ ಹಳೇ ನೋಟ್‌ಬುಕ್‌ನಲ್ಲಿ ಬರೆದಿರುವ ಅಂಕಿ ಬೆರೆಸುವ ಮುಂಚಿನದ್ದೋ ಆಮೇಲಿನದ್ದೋ ಅಂತ ಯಾರೂ ಬರೆದಿರುವುದಿಲ್ಲ, ಅದೇ ತೊಂದರೆ.

ಮೂರನೆಯದು ಕೈ. ಸಣ್ಣ ಬಾಯಿಯ ಟಿಪ್‌ನಲ್ಲಿ ಮೇಲೆ ಕೆಳಗೆ ಎಳೆದರೆ ಇಷ್ಟುದ್ದದ ಡಿಎನ್‌ಎ ತುಂಡಾಗದೆ ಇರಲು ಸಾಧ್ಯವೇ ಇಲ್ಲ. ಟಿಪ್‌ನ ತುದಿ ಕತ್ತರಿಸಿ. ವೋರ್ಟೆಕ್ಸ್ ಮುಟ್ಟಲೇಬೇಡಿ. ಟ್ಯೂಬ್ ಓರೆ ಮಾಡಿ ನಿಧಾನಕ್ಕೆ ಉರುಳಿಸಿ ಬೆರೆಸಿದರೆ ಸಾಕು. ಆದರೆ ಒಂದು ಗಮನಿಸಿ: ತುಂಡಾದ ಡಿಎನ್‌ಎ ಲೋಳೆ ಕಡಿಮೆ ಮಾಡುತ್ತದೆ. ಅಂದರೆ ಮೊದಲು ಲೋಳೆ ಇದ್ದು, ಬೆರೆಸಿದ ಮೇಲೆ ತೆಳ್ಳಗಾಯಿತು ಅಂತ ಖುಷಿಪಡಬೇಡಿ. ಅದು ರಿಪೇರಿ ಆದದ್ದಲ್ಲ, ಪೂರ್ತಿ ಹಾಳಾದದ್ದು.

ಇಷ್ಟೂ ಸರಿಯಿದ್ದರೆ ಅನುಮಾನ ಆರ್‌ಎನ್‌ಏಸ್, ಅಂದರೆ ಆರ್‌ಎನ್‌ಎ ಕತ್ತರಿಸುವ ಕಿಣ್ವದ ಮೇಲೆ. ಜಾಸ್ತಿ ಉಪ್ಪಿನಲ್ಲಿ ತೆಗೆದ ನ್ಯೂಕ್ಲಿಯಾಯ್ಡ್ ಆರ್‌ಎನ್‌ಏಸ್ ತಾಗಿದರೆ ಬಿಚ್ಚಿಕೊಳ್ಳುತ್ತದೆ, ಇದು 1971ರಿಂದಲೇ ಗೊತ್ತಿರುವ ವಿಷಯ. ಕಿಣ್ವ ಹೊರಗಿಂದಲೇ ಬರಬೇಕೆಂದಿಲ್ಲ. ಇ. ಕೋಲೈ ತನ್ನ ಎರಡು ಪೊರೆಗಳ ನಡುವೆಯೇ ಆರ್‌ಎನ್‌ಏಸ್-1 ಮತ್ತು ಡಿಎನ್‌ಎ ಕತ್ತರಿಸುವ ಎಂಡೋನ್ಯೂಕ್ಲಿಯೇಸ್-1 ಎರಡನ್ನೂ ಇಟ್ಟುಕೊಂಡಿರುತ್ತದೆ. ಲೈಸೋಜೈಮ್ ಹಾಕಿದಾಗ ಎರಡೂ ಹೊರಬರುತ್ತವೆ. ಎಂಡೋನ್ಯೂಕ್ಲಿಯೇಸ್-1ಕ್ಕೆ ಮೆಗ್ನೀಸಿಯಂ ಬೇಕು, ಆದ್ದರಿಂದ ಇಡಿಟಿಎ ಅದನ್ನು ಕಟ್ಟಿಹಾಕುತ್ತದೆ. ಆರ್‌ಎನ್‌ಏಸ್-1 ಮಾತ್ರ ಇಡಿಟಿಎಗೆ ಜಗ್ಗುವುದಿಲ್ಲ. ಅದಕ್ಕೇ ಹಿಂದಿನವರು ಆರ್‌ಎನ್‌ಏಸ್-1 ಇಲ್ಲದ ತಳಿಯನ್ನೇ ಆರಿಸಿಕೊಂಡಿದ್ದು. ನಿಮ್ಮ ಹತ್ತಿರ ಅಂಥ ತಳಿ ಇಲ್ಲ ಅಂದರೆ ಲೈಸೋಜೈಮ್ ಹಂತವನ್ನು ಐಸ್ ಮೇಲೆ, ಆದಷ್ಟು ಕಡಿಮೆ ಹೊತ್ತು ನಡೆಸಿ. ಪಕ್ಕದ ಬೆಂಚಿನಲ್ಲಿ ಪ್ಲಾಸ್ಮಿಡ್ ತೆಗೆಯುವವರು ಕೂತಿದ್ದಾರಾ ಅಂತಲೂ ನೋಡಿ. ಅವರ ಬಫರ್‌ನಲ್ಲಿ ಆರ್‌ಎನ್‌ಏಸ್ ಎ ಸುರಿದಿರುತ್ತದೆ, ನಿಮ್ಮಿಬ್ಬರ ಪಿಪೆಟ್ ಒಂದೇ ಆಗಿದ್ದರೆ ಮುಗೀತು.

ಹಾಲಿನ ಬಣ್ಣ ಹೋಗ್ತಾನೇ ಇಲ್ಲ

ಇದು ಮೇಲಿನದಕ್ಕೆ ಉಲ್ಟಾ. ಕೋಶಗಳು ಒಡೆದೇ ಇಲ್ಲ. ಲೈಸಿಸ್ ಬಫರ್ ಬದಲಿಸುವ ಮುಂಚೆ, ಲೈಸೋಜೈಮ್ ಕೆಲಸ ಮಾಡಿದೆಯಾ ಅಂತ ನೋಡಿ. ಗೋಡೆ ಸಡಿಲವಾದ ಕೋಶಗಳನ್ನು ಒಂದು ಹನಿ ಸುಕ್ರೋಸ್ ಬಫರ್‌ಗೂ ಇನ್ನೊಂದು ಹನಿ ಬರೀ ನೀರಿಗೂ ಹಾಕಿ, ಎರಡರ ಓಡಿ (ದ್ರಾವಣ ಎಷ್ಟು ಮಬ್ಬಾಗಿದೆ ಅನ್ನುವ ಅಳತೆ) ಅಳೆಯಿರಿ. ನೀರಿನಲ್ಲಿ ಓಡಿ ಧಡಕ್ಕನೆ ಇಳಿದರೆ ಲೈಸೋಜೈಮ್ ಹಂತ ಸರಿಯಿದೆ, ತಪ್ಪು ಡಿಟರ್ಜೆಂಟ್‌ನಲ್ಲಿ. ಎರಡೂ ಒಂದೇ ಇದ್ದರೆ ಗೋಡೆ ಹಾಗೇ ಇದೆ.

ಗೋಡೆ ಹಾಗೇ ಉಳಿಯಲು ಕಾರಣ ಹೆಚ್ಚಾಗಿ ಇಡಿಟಿಎ. ಹೊರಪೊರೆಯನ್ನು ಮೆಗ್ನೀಸಿಯಂ ಹಿಡಿದಿಟ್ಟಿರುತ್ತದೆ, ಅದನ್ನು ಇಡಿಟಿಎ ಕಿತ್ತುಕೊಂಡರೆ ಮಾತ್ರ ಲೈಸೋಜೈಮ್ ಒಳಗೆ ಹೋಗಲು ದಾರಿ. ಕೋಶ ತೊಳೆದ ಬಫರ್‌ನಲ್ಲಿ ಮೆಗ್ನೀಸಿಯಂ ಉಳಿದಿದ್ದರೆ ಇಡಿಟಿಎ ಅದನ್ನು ಹಿಡಿಯುವುದರಲ್ಲೇ ಸೋತುಹೋಗುತ್ತದೆ. ಲೈಸೋಜೈಮ್ ದ್ರಾವಣ ಅವತ್ತವತ್ತೇ ಮಾಡಿ. ಕೋಶಗಳು ಎಷ್ಟು ಬೆಳೆದಿದ್ದವು ಅನ್ನುವುದೂ ಮುಖ್ಯ: ಬೆಳೆಯುತ್ತಿರುವ ಕೋಶ, ಅಂದರೆ ಓಡಿ 0.4ರ ಆಸುಪಾಸಿನದು, ಸುಲಭಕ್ಕೆ ಬಗ್ಗುತ್ತದೆ. ರಾತ್ರಿಯಿಡೀ ಬೆಳೆದು ನಿಂತುಹೋದದ್ದು ಗಟ್ಟಿ. ಅದು ಒಡೆಯುತ್ತಿಲ್ಲ ಅಂತ ಎಸ್‌ಡಿಎಸ್ ಎಂಬ ಬಿರುಸು ಡಿಟರ್ಜೆಂಟ್ ಹಾಕಿಬಿಡುವವರಿದ್ದಾರೆ. ಒಡೆಯುತ್ತದೆ, ಹೌದು. ಮಡಿಕೆ ಹಿಡಿದಿದ್ದ ಪ್ರೋಟೀನ್‌ಗಳೂ ಕಳಚಿಹೋಗುತ್ತವೆ.

ಗ್ರೇಡಿಯಂಟ್‌ನಲ್ಲಿ ಪಟ್ಟಿ ಇಲ್ಲ, ಇದ್ದರೂ ಎಲ್ಲೆಲ್ಲೋ ಇದೆ

ಎಲ್ಲಾ ತಳದಲ್ಲೇ ಕೂತಿದೆಯಾ? ತಳದ ಒಂದು ಹನಿಗೆ ಡಿಎಪಿಐ ಬಣ್ಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿ. ಕಡ್ಡಿ ಆಕಾರ ಕಂಡರೆ ಒಡೆಯದ ಕೋಶ, ಹಿಂದಿನ ಭಾಗಕ್ಕೆ ವಾಪಸ್ ಹೋಗಿ. ಗುಂಡಗೆ, ಮಸುಕು ಅಂಚಿನ ಹೊಳಪು ಕಂಡರೆ ಅದು ನ್ಯೂಕ್ಲಿಯಾಯ್ಡೇ, ಆದರೆ ಕೋಶಪೊರೆಯ ತುಂಡು ಅಂಟಿಕೊಂಡಿದೆ.

ಇದನ್ನು ತೀರ್ಮಾನಿಸುವುದು ಕೋಶ ಒಡೆದಾಗಿನ ಉಷ್ಣತೆ. 25 ಡಿಗ್ರಿ ಹತ್ತಿರ ಒಡೆದರೆ ಪೊರೆ ಬಿಟ್ಟ ನ್ಯೂಕ್ಲಿಯಾಯ್ಡ್ ಸಿಗುತ್ತದೆ, ಅದು ಸುಮಾರು 1,600 ಸ್ವೆಡ್‌ಬರ್ಗ್ (ತಿರುಗಿಸುವಾಗ ಇಳಿಯುವ ವೇಗದ ಮಾನ) ವೇಗದಲ್ಲಿ ಇಳಿಯುತ್ತದೆ. ಐಸ್ ತಣ್ಣಗಿನಲ್ಲಿ ಒಡೆದರೆ ಪೊರೆ ಜೊತೆಗೇ ಬಂದು 3,000ಕ್ಕೂ ಜಾಸ್ತಿ ಆಗುತ್ತದೆ, ಅಂದರೆ ಅದೇ ಹೊತ್ತಿನಲ್ಲಿ ತಳ ಮುಟ್ಟಿರುತ್ತದೆ. ಎರಡು ಪಟ್ಟಿ ಬಂದಿದ್ದರೆ ಅರ್ಧ ಹೀಗೆ ಅರ್ಧ ಹಾಗೆ. ಇಲ್ಲೊಂದು ಮಾತು: ಪ್ರೋಟೋಕಾಲ್‌ನಲ್ಲಿ ‘ರೂಂ ಟೆಂಪರೇಚರ್’ ಅಂತ ಬರೆದವರ ಕೋಣೆ ಬೇರೆ, ಮೇ ತಿಂಗಳ ಕಲಬುರಗಿಯ ಕೋಣೆ ಬೇರೆ. ನಲವತ್ತರ ಬಿಸಿಲಿನಲ್ಲಿ ಬೆಂಚಿನ ಮೇಲಿಟ್ಟು 25 ಡಿಗ್ರಿ ಅಂದುಕೊಂಡರೆ ಹೇಗೆ? ನೀರಿನ ಸ್ನಾನದಲ್ಲಿ ಥರ್ಮಾಮೀಟರ್ ಇಟ್ಟು ನಡೆಸಿ.

ಎಲ್ಲಾ ಮೇಲೇ ಉಳಿದಿದೆಯಾ? ಡಿಎನ್‌ಎ ತುಂಡಾಗಿದೆ ಅಥವಾ ಬಿಚ್ಚಿಕೊಂಡಿದೆ. ಮೊದಲ ಭಾಗ ಮತ್ತೆ ಓದಿ. ಗ್ರೇಡಿಯಂಟ್‌ನ ಸುಕ್ರೋಸ್‌ಗೂ ಅದೇ 1 ಮೋಲಾರ್ ಉಪ್ಪು ಹಾಕಿದ್ದೀರಾ ನೋಡಿ. ಇದನ್ನು ಬಿಡುವವರು ಬಹಳ. ಲೈಸೇಟ್‌ನಲ್ಲಿ ಚೆನ್ನಾಗಿದ್ದದ್ದು ಉಪ್ಪಿಲ್ಲದ ಸುಕ್ರೋಸ್‌ಗೆ ಇಳಿದ ಕೂಡಲೇ ಬಿಚ್ಚಿಕೊಳ್ಳುತ್ತದೆ.

ಪಟ್ಟಿ ಇದೆ, ಆದರೆ ಹರಡಿಕೊಂಡಿದೆ ಅಂದರೆ ಗ್ರೇಡಿಯಂಟ್ ಮೇಲೆ ಅನುಮಾನಪಡಿ. ಒಂದು ಖಾಲಿ ಗ್ರೇಡಿಯಂಟ್‌ನಲ್ಲಿ ಭಾರದ ಸುಕ್ರೋಸ್‌ಗೆ ಮಾತ್ರ ತಿಂಡಿಗೆ ಹಾಕುವ ಬಣ್ಣ ಬೆರೆಸಿ ನೋಡಿದರೆ, ಬಣ್ಣ ಒಂದೇ ಸಮ ಏರುತ್ತಿದೆಯಾ, ಮೆಟ್ಟಿಲು ಮೆಟ್ಟಿಲಾಗಿದೆಯಾ ಗೊತ್ತಾಗುತ್ತದೆ. ನಿಲ್ಲಿಸುವಾಗ ಬ್ರೇಕ್ ಹಾಕಬೇಡಿ. ಜಾಸ್ತಿ ಲೈಸೇಟ್ ಸುರಿದರೂ ಪಟ್ಟಿ ಕುಸಿಯುತ್ತದೆ. ಆಸೆ ಕಡಿಮೆ ಇರಲಿ.

ಸೆಂಟ್ರಿಫ್ಯೂಜ್ ವಿಷಯದಲ್ಲಿ ತಮಾಷೆ ಬೇಡ. ಎದುರುಬದುರು ಟ್ಯೂಬ್‌ಗಳನ್ನು ಬಕೆಟ್ ಸಮೇತ ತೂಗಿ. ಅಲುಗಾಟ ಕೇಳಿಸಿದರೆ ತಕ್ಷಣ ನಿಲ್ಲಿಸಿ, ಪೂರ್ತಿ ನಿಲ್ಲುವ ತನಕ ಮುಚ್ಚಳ ಮುಟ್ಟಬೇಡಿ. 1 ಮೋಲಾರ್ ಉಪ್ಪು ಚೆಲ್ಲಿದ ಅಲ್ಯೂಮಿನಿಯಂ ರೋಟರ್ ತೊಳೆಯದೆ ಬಿಟ್ಟರೆ ಒಳಗೊಳಗೇ ತಿಂದುಹೋಗುತ್ತದೆ, ಒಂದು ದಿನ ತಿರುಗುವಾಗಲೇ ಒಡೆಯಬಹುದು. ರೋಟರ್ ಮೇಲೆ ಬಿಳಿ ಪುಡಿ, ಗುಳಿ, ಗೀರು ಕಂಡರೆ ಅಲ್ಲಿಗೇ ನಿಲ್ಲಿಸಿ, ಯಂತ್ರ ನೋಡಿಕೊಳ್ಳುವವರನ್ನು ಕರೆಯಿರಿ. ಒಂದೇ ಒಂದು ಸಲ ಅಲ್ವಾ ಅಂತ ಹಾಕಬೇಡಿ.

ಜೆಲ್‌ನಲ್ಲಿ ಪ್ರೋಟೀನ್ ಕಾಣಿಸ್ತಿಲ್ಲ, ಅಥವಾ ಬೇಡದ್ದು ಕಾಣಿಸ್ತಿದೆ

ನ್ಯೂಕ್ಲಿಯಾಯ್ಡ್ ಜೊತೆ ಬಂದ ಪ್ರೋಟೀನ್‌ಗಳನ್ನು ತೂಕದ ಪ್ರಕಾರ ಜೆಲ್‌ನಲ್ಲಿ ಬಿಡಿಸಿ ನೋಡುವ ಹಂತ ಇದು. ಎಚ್-ಎನ್‌ಎಸ್, ಎಚ್‌ಯು, ಫಿಸ್, ಐಎಚ್‌ಎಫ್, ಡಿಪಿಎಸ್ ಅಂತ ಕೆಳಗೆ ಬರುವುದೆಲ್ಲ ಡಿಎನ್‌ಎಗೆ ಅಂಟಿಕೊಂಡಿರುವ ಪ್ರೋಟೀನ್‌ಗಳು. ಜನ ಅತಿ ಹೆಚ್ಚು ತಪ್ಪು ತೀರ್ಮಾನಕ್ಕೆ ಬರುವ ಜಾಗ ಇದು, ಸ್ವಲ್ಪ ನಿಧಾನಕ್ಕೆ ನೋಡೋಣ.

14 ಕಿಲೋಡಾಲ್ಟನ್ ಹತ್ತಿರ ದಪ್ಪ ಪಟ್ಟಿ ಬಂತು, ಎಚ್-ಎನ್‌ಎಸ್ ಸಿಕ್ಕಿತು ಅಂತ ಕುಣಿಯುವ ಮುಂಚೆ ಯೋಚಿಸಿ. ನೀವೇ ಹಾಕಿದ ಕೋಳಿಮೊಟ್ಟೆ ಲೈಸೋಜೈಮ್‌ನ ತೂಕ 14.3 ಕಿಲೋಡಾಲ್ಟನ್. ಎಚ್-ಎನ್‌ಎಸ್ ಸುಮಾರು 15.5. ಜೆಲ್‌ನಲ್ಲಿ ಇವೆರಡೂ ಅಕ್ಕಪಕ್ಕದವರು. ಮೇಲಾಗಿ ಲೈಸೋಜೈಮ್ ಧನ ವಿದ್ಯುದಂಶದ ಪ್ರೋಟೀನ್, ಕಡಿಮೆ ಉಪ್ಪಿನಲ್ಲಿ ಡಿಎನ್‌ಎಗೆ ಅಂಟಿಕೊಂಡೇ ಬರುತ್ತದೆ. ಪಕ್ಕದ ಲೇನ್‌ನಲ್ಲಿ ಬರೀ ಲೈಸೋಜೈಮ್ ಓಡಿಸಿ ನೋಡುವುದು ಅಗ್ಗದ ಪರೀಕ್ಷೆ. ಲೇನ್ ಲೋಳೆಯಾಗದಿರಲಿ ಅಂತ ಡಿಎನ್‌ಏಸ್ ಹಾಕಿದ್ದರೆ 31ರ ಹತ್ತಿರ ಅದರದ್ದೂ ಒಂದು ಪಟ್ಟಿ ಇರುತ್ತದೆ.

ಎಚ್‌ಯು ಕಾಣಿಸುತ್ತಿಲ್ಲವಾ? ಅದರ ಎರಡು ತುಂಡುಗಳೂ ಸುಮಾರು 9.5 ಕಿಲೋಡಾಲ್ಟನ್. ಮಾಮೂಲಿ 12 ಶೇಕಡಾ ಜೆಲ್‌ನಲ್ಲಿ ಬಣ್ಣದ ಗೆರೆಯ ಜೊತೆಗೇ ಓಡಿಹೋಗುತ್ತದೆ. 16 ಶೇಕಡಾ ಟ್ರೈಸೀನ್ ಜೆಲ್ ಹಾಕಿ. ಇನ್ನೊಂದು ಮಜಾ ಏನೆಂದರೆ, ಇ. ಕೋಲೈ ಎಚ್‌ಯುನಲ್ಲಿ ಟ್ರಿಪ್ಟೋಫ್ಯಾನ್ ಇಲ್ಲ, ಟೈರೋಸಿನ್ ಕೂಡ ಇಲ್ಲ. 280 ನ್ಯಾನೋಮೀಟರ್‌ನಲ್ಲಿ ಅಳೆದರೆ ಅದು ಇದ್ದೂ ಇಲ್ಲದಂತೆ. ಕಾಲಂನಿಂದ ಇಳಿಯುತ್ತಿರುವ ಎಚ್‌ಯುವನ್ನು 280ರ ಗೆರೆ ನೋಡಿ ಚೆಲ್ಲಿಬಿಡುವುದು ಹೀಗೇ. ಬ್ರಾಡ್‌ಫರ್ಡ್ (ಬಣ್ಣ ಹಾಕಿ ಪ್ರೋಟೀನ್ ಅಳೆಯುವ ಪರೀಕ್ಷೆ) ಮಾಡಿ, ಇಲ್ಲವೇ 215ರ ಆಸುಪಾಸಿನಲ್ಲಿ ನೋಡಿ.

ಜೆಲ್ ಸರಿಯಿದ್ದೂ ಎಚ್‌ಯು, ಫಿಸ್, ಐಎಚ್‌ಎಫ್ ಯಾವುದೂ ಇಲ್ಲ, ಮೇಲುಗಡೆ 150 ಕಿಲೋಡಾಲ್ಟನ್ ಹತ್ತಿರ ಮಾತ್ರ ಜೋಡಿ ಪಟ್ಟಿ ಇದೆ ಅಂದರೆ ನೀವು ಜಾಸ್ತಿ ಉಪ್ಪಿನ ದಾರಿ ಹಿಡಿದಿದ್ದೀರಿ. ಆ ಜೋಡಿ ಆರ್‌ಎನ್‌ಎ ಪಾಲಿಮರೇಸ್‌ನ ಬೀಟಾ ಮತ್ತು ಬೀಟಾ ಪ್ರೈಮ್. ಆರ್‌ಎನ್‌ಎ ಬರೆಯುತ್ತಾ ಡಿಎನ್‌ಎ ಮೇಲೆ ಕೂತಿದ್ದರಿಂದ ಉಪ್ಪಿಗೆ ಕಳಚಿಕೊಂಡಿಲ್ಲ. ಉಳಿದ ಸಣ್ಣ ಪ್ರೋಟೀನ್‌ಗಳನ್ನು 1 ಮೋಲಾರ್ ಉಪ್ಪು ತೊಳೆದುಹಾಕಿದೆ. ಇದು ದೋಷ ಅಲ್ಲ, ನೀವು ಆರಿಸಿಕೊಂಡ ದಾರಿಯ ಗುಣ. ಮಡಿಕೆ, ಸುರುಳಿ ಓದಬೇಕಿದ್ದರೆ ಉಪ್ಪಿನ ದಾರಿ ಸಾಕು. ಪ್ರೋಟೀನ್ ಓದಬೇಕಿದ್ದರೆ ಸ್ಪರ್ಮಿಡೀನ್ ದಾರಿ, ಇಲ್ಲವೇ ಒಡೆಯುವ ಮುಂಚೆಯೇ ಫಾರ್ಮಾಲ್ಡಿಹೈಡ್‌ನಿಂದ ಬಂಧಿಸಿ ಗ್ಲೈಸೀನ್‌ನಿಂದ ನಿಲ್ಲಿಸುವುದು. ನನ್ನ ಪ್ರಕಾರ ‘ಈ ಪ್ರೋಟೀನ್ ನ್ಯೂಕ್ಲಿಯಾಯ್ಡ್‌ನಲ್ಲಿಲ್ಲ’ ಅಂತ ಬರೆಯುವ ಮುಂಚೆ ಬಫರ್ ಯಾವುದು ಅಂತ ಅದೇ ವಾಕ್ಯದಲ್ಲಿ ಬರೆಯಬೇಕು. ಸ್ಪರ್ಮಿಡೀನ್ ದಾರಿಗೆ ಅದರದ್ದೇ ತಲೆನೋವಿದೆ. ಡಿಎನ್‌ಎ ಕುಗ್ಗಿ ಗಟ್ಟಿಯಾಗುತ್ತದೆ, ಬೇಡದ ಪ್ರೋಟೀನ್‌ಗಳೂ ಅಂಟುತ್ತವೆ. ಎರಡೂ ದಾರಿಯಲ್ಲಿ ಸಿಕ್ಕಿದ್ದನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ಧೈರ್ಯವಾಗಿ ಏನಾದರೂ ಹೇಳಬಹುದು.

35ರಿಂದ 38 ಕಿಲೋಡಾಲ್ಟನ್ ನಡುವೆ ಗಟ್ಟಿ ಪಟ್ಟಿಗಳು ಬಂದರೆ ಅವು ಹೊರಪೊರೆಯ ಪ್ರೋಟೀನ್‌ಗಳು. ಪೊರೆ ಅಂಟಿದೆ, ಉಷ್ಣತೆ ನೋಡಿ. ಕೆಳಗೆ ಸಣ್ಣ ಸಣ್ಣ ಪಟ್ಟಿಗಳ ಏಣಿಯೇ ಇದ್ದರೆ ರೈಬೋಸೋಮ್ ಸೇರಿಕೊಂಡಿದೆ.

ಫಿಸ್ ಮಾತ್ರ ಇಲ್ಲ, ಡಿಪಿಎಸ್ ಮಾತ್ರ ರಾಶಿ ಇದೆ ಅಂದರೆ ಕೋಶ ಬೆಳೆಸಿದ ಹೊತ್ತು ತಪ್ಪಿದೆ. ಹೊಸ ಆಹಾರ ಸಿಕ್ಕಿ ಬೆಳೆಯಲು ಶುರುಮಾಡಿದ ಕೋಶದಲ್ಲಿ ಫಿಸ್ ತುಂಬಿರುತ್ತದೆ, ಬೆಳವಣಿಗೆ ನಿಂತಾಗ ಹೆಚ್ಚುಕಡಿಮೆ ಮಾಯ. ಡಿಪಿಎಸ್, ಸುಮಾರು 19 ಕಿಲೋಡಾಲ್ಟನ್, ಆಗಲೇ ಏರುವುದು. ಫ್ಲಾಸ್ಕ್ ಯಾವಾಗ ತೆಗೆದಿರಿ ಅನ್ನುವುದನ್ನು ಜೆಲ್ಲೇ ಹೇಳಿಬಿಡುತ್ತದೆ.

ನ್ಯೂಕ್ಲಿಯೇಸ್ ಹಾಕಿದರೂ ಏಣಿ ಬರ್ತಿಲ್ಲ

ಡಿಎನ್‌ಎ ಕತ್ತರಿಸುವ ಮೈಕ್ರೋಕಾಕಲ್ ನ್ಯೂಕ್ಲಿಯೇಸ್ ಹಾಕಿ 200 ಬೇಸ್ ಜೋಡಿಯ ಅಂತರದ ಅಚ್ಚುಕಟ್ಟು ಏಣಿ ಕಾಯುತ್ತಿದ್ದರೆ ಅದು ಬರುವುದಿಲ್ಲ. ಬ್ಯಾಕ್ಟೀರಿಯಾದಲ್ಲಿ ನಮ್ಮ ಕೋಶಗಳಲ್ಲಿರುವಂಥ ನ್ಯೂಕ್ಲಿಯೋಸೋಮ್ (ಹಿಸ್ಟೋನ್ ಪ್ರೋಟೀನ್‌ಗಳ ಸುತ್ತ ಡಿಎನ್‌ಎ ಸುತ್ತಿದ ಉಂಡೆ) ಇಲ್ಲ. ಎಚ್‌ಯುವನ್ನು ‘ಹಿಸ್ಟೋನ್ ಥರದ್ದು’ ಅಂತ ಕರೆದದ್ದರಿಂದ ಈ ಗೊಂದಲ. ಮಸುಕಾಗಿ ಹರಡಿದ ಗೆರೆ ಬಂದರೆ ಅದೇ ಸರಿಯಾದ ಉತ್ತರ. ಡಿಎನ್‌ಎ ಕತ್ತರಿಸಿಯೇ ಇಲ್ಲ, ಮೇಲೇ ಕೂತಿದೆ ಅಂದರೆ ಮಾತ್ರ ದೋಷ: ಈ ಕಿಣ್ವಕ್ಕೆ ಕ್ಯಾಲ್ಸಿಯಂ ಬೇಕೇ ಬೇಕು, ಬಫರ್‌ನಲ್ಲಿ ಉಳಿದ ಇಡಿಟಿಎ ಅದನ್ನು ನುಂಗಿರುತ್ತದೆ.

ಎಥಿಡಿಯಂ ಹಾಕುತ್ತಾ ಹೋದರೂ ವೇಗ ಬದಲಾಗ್ತಿಲ್ಲ

ಇದು ಸ್ವಲ್ಪ ಮುಂದುವರಿದ ಪರೀಕ್ಷೆ. ಋಣ ಸುರುಳಿ ಇರುವ (ಅಂದರೆ ಡಿಎನ್‌ಎಯ ಸಹಜ ತಿರುವಿಗೆ ವಿರುದ್ಧ ದಿಕ್ಕಿನಲ್ಲಿ ತಿರುಚಿಕೊಂಡ) ನ್ಯೂಕ್ಲಿಯಾಯ್ಡ್‌ಗೆ ಎಥಿಡಿಯಂ ಬ್ರೋಮೈಡ್ (ಡಿಎನ್‌ಎ ಒಳಗೆ ತೂರಿಕೊಳ್ಳುವ ಬಣ್ಣ) ಸೇರಿಸುತ್ತಾ ಹೋದರೆ ಮೊದಲು ಸುರುಳಿ ಸಡಿಲವಾಗಿ ಇಳಿಯುವ ವೇಗ ಕಡಿಮೆಯಾಗುತ್ತದೆ, ಆಮೇಲೆ ಉಲ್ಟಾ ಸುತ್ತಿಕೊಂಡು ಮತ್ತೆ ಏರುತ್ತದೆ. 1972ರಲ್ಲಿ ವೋರ್ಸೆಲ್ ಮತ್ತು ಬುರ್ಗಿ ಹೀಗೆ ಅಳೆದೇ, ಒಂದು ಕಡೆ ಸೀಳಿದರೆ ಇಡೀ ಕ್ರೋಮೋಸೋಮ್ ಸಡಿಲವಾಗುವುದಿಲ್ಲ, ಅದು ಬೇರೆ ಬೇರೆ ಕುಣಿಕೆಗಳಾಗಿ ಹಂಚಿಕೊಂಡಿದೆ ಅಂತ ಕಂಡುಕೊಂಡರು. ಕುಣಿಕೆಗಳ ಲೆಕ್ಕ ಆಮೇಲೆ ಬದಲಾಗುತ್ತಲೇ ಬಂತು. 1981ರಲ್ಲಿ ಸಿಂಡನ್ ಮತ್ತು ಪೆಟಿಜಾನ್ ಜೀವಂತ ಕೋಶದಲ್ಲಿ ನಲವತ್ತರ ಆಸುಪಾಸು ಅಂದರು. 2004ರ ಹೊತ್ತಿಗೆ ಕುಣಿಕೆ ಸರಾಸರಿ 10 ಸಾವಿರ ಬೇಸ್ ಜೋಡಿ, ಅಂದರೆ ನಾನೂರರ ಹತ್ತಿರ ಅನ್ನುವ ಮಾತು ಬಂತು. ಅಳೆಯುವ ಬಗೆ ಬದಲಾದರೆ ಸಂಖ್ಯೆ ಬದಲಾಗುತ್ತದೆ, ನಿಮ್ಮದು ಹೊಂದುತ್ತಿಲ್ಲ ಅಂತ ಗಾಬರಿ ಬೇಡ.

ವೇಗ ಅಲುಗಾಡುತ್ತಲೇ ಇಲ್ಲ ಅಂದರೆ ಕುಣಿಕೆಗಳೆಲ್ಲ ಸೀಳಿಹೋಗಿವೆ. ಎಥಿಡಿಯಂ ಸೇರಿದ ಡಿಎನ್‌ಎಗೆ ಬೆಳಕು ಬಿದ್ದರೆ ಸೀಳು ಬೀಳುತ್ತದೆ, ಆದ್ದರಿಂದ ಮಬ್ಬು ಬೆಳಕಿನಲ್ಲಿ ಕೆಲಸ ಮಾಡಿ. ಟ್ಯೂಬ್‌ಗೆ ಫಾಯಿಲ್ ಸುತ್ತಿ. ಹಳೆಯ ಮಾದರಿ ಬಳಸಬೇಡಿ, ಅವತ್ತೇ ತೆಗೆದದ್ದನ್ನು ಅವತ್ತೇ ಓಡಿಸಿ.

ಎಥಿಡಿಯಂ ಮ್ಯುಟಜನ್, ಅಂದರೆ ನಮ್ಮ ಡಿಎನ್‌ಎಯನ್ನೂ ಕೆಡಿಸಬಲ್ಲದು. ನೈಟ್ರೈಲ್ ಕೈಗವಸು ಹಾಕಿ, ಸಿಂಕ್‌ಗೆ ಸುರಿಯಬೇಡಿ. ಫಾರ್ಮಾಲ್ಡಿಹೈಡ್ ಹುಡ್ ಒಳಗೇ. ಗಟ್ಟಿಯಾಗದ ಅಕ್ರಿಲಮೈಡ್ ನರಗಳಿಗೆ ವಿಷ, ಮೈಗೆ ತಾಗದಿರಲಿ. ಯುವಿ ಪೆಟ್ಟಿಗೆ ಮುಂದೆ ಮುಖದ ಕವಚ ಇಲ್ಲದೆ ಬಗ್ಗಬೇಡಿ.

ಎಲ್ಲಿ ನಿಲ್ಲಿಸಬೇಕು

ಉಪ್ಪು, ಪಿಎಚ್, ಉಷ್ಣತೆ, ಲೈಸೋಜೈಮ್ ಈ ನಾಲ್ಕನ್ನೂ ಒಂದೊಂದಾಗಿ ಬದಲಿಸಿ ನೋಡಿದರೂ ಲೈಸೇಟ್ ಲೋಳೆಯಾಗಿಯೇ ಇದ್ದರೆ ಐದನೆಯದನ್ನು ಊಹಿಸುತ್ತಾ ಕೂರಬೇಡಿ. ತಳಿಯನ್ನೇ ಬದಲಿಸಿ, ಇಲ್ಲವೇ ಕೆಲಸ ಬಲ್ಲ ಲ್ಯಾಬ್‌ನಲ್ಲಿ ಒಂದು ದಿನ ಪಕ್ಕದಲ್ಲಿ ನಿಂತು ನೋಡಿ. ಟಿಪ್ ಹಿಡಿಯುವ ಬಗೆ ಬರವಣಿಗೆಯಿಂದ ಬರುವುದಿಲ್ಲ.

ಕೆ-12ರಲ್ಲಿ ಕೈ ಕುದುರಿತು, ಈಗ ಕ್ಷಯದ ಬ್ಯಾಕ್ಟೀರಿಯಾದಲ್ಲಿ ನೋಡೋಣ ಅನ್ನುವವರಿಗೆ: ಅದು ಬಿಎಸ್‌ಎಲ್-3 (ಅಪಾಯಕಾರಿ ರೋಗಾಣುಗಳಿಗೆ ಮೀಸಲಾದ ಬಿಗಿ ಭದ್ರತೆಯ) ಕೋಣೆಯ ಕೆಲಸ, ಮಾಮೂಲಿ ಬೆಂಚಿನ ಮೇಲೆ ಅಲ್ಲ. ಅದರ ಗೋಡೆಯೂ ಬೇರೆ, ಲೈಸೋಜೈಮ್‌ಗೆ ಹೀಗೆ ಸುಲಭಕ್ಕೆ ಬಗ್ಗುವುದಿಲ್ಲ. ಅದರ ಎಚ್‌ಯುಗೆ ಲೈಸೀನ್ ತುಂಬಿದ ಉದ್ದ ಬಾಲ ಇದೆ, ಆದ್ದರಿಂದ 9.5ರ ಪಟ್ಟಿ ಹುಡುಕಬೇಡಿ. ಅದರ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ನಾಗರಾಜ ಅವರ ಗುಂಪು ಕೆಲಸ ಮಾಡಿದೆ, ಆ ಪ್ರೋಟೀನ್‌ಗೆ ಅಂಟಿ ತಡೆಯುವ ಅಣುಗಳ ಬಗ್ಗೆ 2014ರಲ್ಲಿ ಪ್ರಕಟಿಸಿದ್ದೂ ಇದೆ. ಮೊದಲು ಅದನ್ನೆಲ್ಲ ಓದಿಕೊಳ್ಳಿ.

ಯಾರನ್ನಾದರೂ ಸಹಾಯ ಕೇಳುವಾಗ ‘ಬರ್ತಿಲ್ಲ ಸಾರ್’ ಅಂತಷ್ಟೇ ಹೇಳಬೇಡಿ. ತಳಿಯ ಹೆಸರು, ತೆಗೆದಾಗಿನ ಓಡಿ, ಬೆರೆಸಿದ ಮೇಲಿನ ಉಪ್ಪಿನ ಲೆಕ್ಕ, ಒಡೆದಾಗಿನ ಉಷ್ಣತೆ, ಗ್ರೇಡಿಯಂಟ್‌ನ ಫೋಟೋ, ಬರೀ ಲೈಸೋಜೈಮ್ ಓಡಿಸಿದ ಲೇನ್ ಇರುವ ಜೆಲ್. ಇಷ್ಟು ತಗೊಂಡು ಹೋದರೆ ನೋಡಿದವರು ಐದು ನಿಮಿಷದಲ್ಲಿ ಬೆರಳಿಟ್ಟು ತೋರಿಸುತ್ತಾರೆ.